ಹುಸ್ಸರ್ಲ್ ಹಸ್ತಪ್ರತಿಗಳು: ಯುದ್ಧಕಾಲದಲ್ಲಿ ಜರ್ಮನ್ ಶೀಘ್ರಲಿಪಿಯನ್ನು ಉಳಿಸಿದ, ಓದಿದ ಒಂದು ಪ್ರಕರಣ

1938ರ ಆಗಸ್ಟ್ 29ರಂದು ಜರ್ಮನಿಯ ಫ್ರೈಬುರ್ಗ್ ಊರಿನ ಒಂದು ಮನೆಗೆ ಬೆಲ್ಜಿಯಂನ ಒಬ್ಬ ಯುವ ಫ್ರಾನ್ಸಿಸ್ಕನ್ ಪಾದ್ರಿ ಬಂದರು. ಹೆಸರು ಹೆರ್ಮನ್ ಲಿಯೋ ವಾನ್ ಬ್ರೇಡಾ, ವಯಸ್ಸು 27. ಬೆಲ್ಜಿಯಂನ ಲೂವನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುತ್ತಿದ್ದರು. ತಮ್ಮ ಡಾಕ್ಟರೇಟ್ ಪ್ರಬಂಧಕ್ಕೆ ಬೇಕಾದ ಒಂದಷ್ಟು ಅಚ್ಚಾಗದ ಬರಹ ನೋಡಬೇಕಿತ್ತು, ಅದಕ್ಕೇ ಬಂದಿದ್ದರು. ಮನೆಯೊಡತಿ ಮಾಲ್ವಿನೆ ಹುಸ್ಸರ್ಲ್. ನಾಲ್ಕು ತಿಂಗಳ ಹಿಂದೆ, ಏಪ್ರಿಲ್ 27ರಂದು, ಅವರ ಗಂಡ, ತತ್ವಜ್ಞಾನಿ ಎಡ್ಮಂಡ್ ಹುಸ್ಸರ್ಲ್ ತೀರಿಕೊಂಡಿದ್ದರು.

ಮಾಲ್ವಿನೆ ಗಂಡನ ಓದುವ ಕೋಣೆಯನ್ನು ತೋರಿಸಿದರು. ಅಲ್ಲಿ ಸುಮಾರು 40,000 ಪುಟಗಳ ಹಸ್ತಪ್ರತಿ ಇತ್ತು. ಬಹುಪಾಲು ಶೀಘ್ರಲಿಪಿಯಲ್ಲಿತ್ತು, ಅಂದರೆ ನಾವು ಶಾರ್ಟ್‌ಹ್ಯಾಂಡ್ ಅನ್ನುತ್ತೇವಲ್ಲ, ಅದರಲ್ಲಿ. ಜೊತೆಗೆ ಸಹಾಯಕರು ಬಿಡಿಸಿ ಬರೆದ ಅಥವಾ ಟೈಪ್ ಮಾಡಿದ ಸುಮಾರು 10,000 ಪುಟಗಳಿದ್ದವು. ಉಳಿದದ್ದನ್ನು ಓದಬಲ್ಲವರು ಇಡೀ ಯುರೋಪಿನಲ್ಲಿ ಬೆರಳೆಣಿಕೆಯ ಮಂದಿ.

ಹಳೆಯ ಜರ್ಮನ್ ಯುದ್ಧಕಾಲದ ಪತ್ರ, ಡೈರಿ, ಟಿಪ್ಪಣಿಗಳ ನಡುವೆ ಶಾರ್ಟ್‌ಹ್ಯಾಂಡ್ ಸಾಲುಗಳು ಸಿಕ್ಕಾಗ ಜನ ಮೊದಲು ಕೇಳುವುದು, “ಇದರ ಕೀಲಿ ಎಲ್ಲಿ ಸಿಗುತ್ತದೆ?” ಅಂತ. ಅಕ್ಷರಪಟ್ಟಿ ಸಿಕ್ಕರೆ ಕೆಲಸ ಮುಗಿಯಿತು ಎಂಬ ನಂಬಿಕೆ. ಹುಸ್ಸರ್ಲ್ ಪ್ರಕರಣವನ್ನು ನಾನು ಆರಿಸಿಕೊಂಡದ್ದು ಇದಕ್ಕೇ. ಅಲ್ಲಿ ಲಿಪಿ ಗುಟ್ಟಿನದಲ್ಲ, ಪಠ್ಯಪುಸ್ತಕ ಇರುವ ಲಿಪಿ. ಆದರೂ ಓದುವುದು ಕಷ್ಟವಾಯಿತು. ಆ ಬರಹ ಇಂದು ನಮಗೆ ಸಿಗುತ್ತಿರುವುದಕ್ಕೆ ಕಾರಣ ಕಾಗದ ಉಳಿದದ್ದು ಮಾತ್ರವಲ್ಲ. ಕಾಗದದ ಜೊತೆಗೆ ಓದುವವರನ್ನೂ ಉಳಿಸಬೇಕು ಎಂದು ವಾನ್ ಬ್ರೇಡಾಗೆ ಹೊಳೆದದ್ದು.

ಇಷ್ಟು ಕಾಗದ ಯಾಕೆ ಅಪಾಯದಲ್ಲಿತ್ತು

ಹುಸ್ಸರ್ಲ್ ಹುಟ್ಟಿದ್ದು 1859ರಲ್ಲಿ, ಈಗಿನ ಚೆಕ್ ದೇಶಕ್ಕೆ ಸೇರಿದ ಮೊರಾವಿಯಾದ ಪ್ರೊಸ್ಟೆಯೋವ್‌ನಲ್ಲಿ, ಯಹೂದಿ ಕುಟುಂಬದಲ್ಲಿ. 1886ರಲ್ಲಿ ಲೂಥರನ್ ಕ್ರೈಸ್ತರಾದರು. ಹಾಲೆ, ಗೋಟಿಂಗನ್, ಆಮೇಲೆ 1916ರಿಂದ ಫ್ರೈಬುರ್ಗ್‌ನಲ್ಲಿ ಪಾಠ ಮಾಡಿ 1928ರಲ್ಲಿ ನಿವೃತ್ತರಾದರು. ಸಂಗತಿಗಳು ನಮ್ಮ ಅರಿವಿಗೆ ಹೇಗೆ ತೋರುತ್ತವೆ ಎಂದು ನೋಡುವ, ಫಿನಾಮಿನಾಲಜಿ ಎಂಬ ತತ್ವಶಾಸ್ತ್ರದ ದಾರಿಯನ್ನು ಕಟ್ಟಿದವರು ಅವರೇ. ಕಿರಿಯ ಮಗ ವೋಲ್ಫ್‌ಗಾಂಗ್ ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರ ಹೋರಾಡಿ 1916ರಲ್ಲಿ ವರ್ದನ್‌ನಲ್ಲಿ ಸತ್ತ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಇದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಹುಟ್ಟಿನಿಂದ ಯಹೂದಿ ಎಂಬ ಒಂದೇ ಕಾರಣಕ್ಕೆ ಅವರನ್ನು ವಿಶ್ವವಿದ್ಯಾಲಯದಿಂದ ದೂರ ಇಟ್ಟರು.

ಅಚ್ಚು ಮಾಡುವುದು ಕಷ್ಟವಾದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಹುಸ್ಸರ್ಲ್‌ಗೆ ಬರೆಯುವುದೇ ಯೋಚಿಸುವ ರೀತಿ. ಮೊದಲು ಯೋಚಿಸಿ ಆಮೇಲೆ ಬರೆಯುವವರಲ್ಲ. ಬೆಳಗ್ಗೆ ಮೇಜಿನ ಮುಂದೆ ಕೂತರೆ ಪ್ರಶ್ನೆಯನ್ನು ಕಾಗದದ ಮೇಲೇ ಬಿಡಿಸುತ್ತಾ ಹೋಗುವರು. ಯೋಚನೆಯ ವೇಗಕ್ಕೆ ಕೈ ಓಡಬೇಕಲ್ಲ, ಅದಕ್ಕೆ ಶಾರ್ಟ್‌ಹ್ಯಾಂಡ್. ಹಾಗಾಗಿ ಆ 40,000 ಪುಟಗಳಲ್ಲಿ ಜಾಸ್ತಿ ಭಾಗ ಬೇರೆಯವರು ಓದಲಿ ಎಂದು ಬರೆದದ್ದೇ ಅಲ್ಲ. ತನ್ನೊಡನೆ ತಾನು ಆಡಿದ ಮಾತು. ಈ ಒಂದು ಸಂಗತಿಯಿಂದ ಓದುಗರ ಕಷ್ಟ ಎಷ್ಟು ಹೆಚ್ಚಾಯಿತು ಎಂಬುದು ಲಿಪಿಯ ಒಳಗುಟ್ಟು ತಿಳಿದಾಗ ಗೊತ್ತಾಗುತ್ತದೆ.

ಗಾಬೆಲ್ಸ್‌ಬೆರ್ಗರ್ ಲಿಪಿ ಕೆಲಸ ಮಾಡುವ ಬಗೆ

ಹುಸ್ಸರ್ಲ್ ಬಳಸಿದ್ದು ಗಾಬೆಲ್ಸ್‌ಬೆರ್ಗರ್ ಶೀಘ್ರಲಿಪಿ. ಫ್ರಾನ್ಸ್ ಕ್ಸಾವರ್ ಗಾಬೆಲ್ಸ್‌ಬೆರ್ಗರ್ (1789–1849) ಮ್ಯೂನಿಕ್‌ನಲ್ಲಿ ಸರ್ಕಾರಿ ಕಚೇರಿಯ ನೌಕರರಾಗಿದ್ದವರು. 1817ರ ಸುಮಾರಿಗೆ ಈ ಲಿಪಿಯ ಕೆಲಸಕ್ಕೆ ಕೈಹಾಕಿದರು. 1819ರಲ್ಲಿ ಬವೇರಿಯಾದ ಶಾಸನಸಭೆಯ ಚರ್ಚೆಗಳನ್ನು ಇದರಲ್ಲೇ ಬರೆದುಕೊಂಡರು. 1834ರಲ್ಲಿ ಪಠ್ಯಪುಸ್ತಕ ಹೊರಬಂತು. ಬವೇರಿಯಾ, ಸ್ಯಾಕ್ಸನಿ, ಆಸ್ಟ್ರಿಯಾ ಕಡೆ ಇದು ಚೆನ್ನಾಗಿ ಹರಡಿತು. ಪ್ರಶ್ಯಾ ಕಡೆ ಸ್ಟೋಲ್ಜೆ ಎಂಬುವರ ಬೇರೆ ಪದ್ಧತಿ ನಡೆಯುತ್ತಿತ್ತು. 1924ರಲ್ಲಿ ಎರಡು ಬಣಗಳನ್ನೂ ಸೇರಿಸಿ ಇಡೀ ಜರ್ಮನಿಗೆ ಒಂದೇ ಶೀಘ್ರಲಿಪಿಯನ್ನು ಜಾರಿಗೆ ತಂದರು. ಅದನ್ನು 1936ರಲ್ಲಿ ಒಮ್ಮೆ, 1968ರಲ್ಲಿ ಇನ್ನೊಮ್ಮೆ ತಿದ್ದಿದರು.

ನಮ್ಮಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಜೂನಿಯರ್, ಸೀನಿಯರ್ ಶಾರ್ಟ್‌ಹ್ಯಾಂಡ್ ಪರೀಕ್ಷೆ ಕಟ್ಟಿದವರಿಗೆ ಪಿಟ್‌ಮನ್ ಪದ್ಧತಿ ಗೊತ್ತು. ಅದರಲ್ಲಿ ನೇರ ಗೆರೆ, ಕಮಾನು ಗೆರೆಗಳು ವ್ಯಂಜನಗಳು. ಗೆರೆ ತೆಳ್ಳಗಿದ್ದರೆ ಪ, ದಪ್ಪಗಿದ್ದರೆ ಬ. ಗಾಬೆಲ್ಸ್‌ಬೆರ್ಗರ್ ಹಾಗಲ್ಲ. ಅದು ಮಾಮೂಲಿ ಕೈಬರಹದ ಅಕ್ಷರಗಳ ತುಂಡುಗಳಿಂದ ಹುಟ್ಟಿದ್ದು. ಕೂಡಿಸಿ ಬರೆಯುವ ಬರಹದಂತೆ ಓರೆಯಾಗಿ, ಹರಿಯುತ್ತಾ ಹೋಗುತ್ತದೆ. ಗೊತ್ತಿಲ್ಲದವರು ನೋಡಿದರೆ ಅವಸರದಲ್ಲಿ ಗೀಚಿದ ಕೈಬರಹ ಅಂದುಕೊಳ್ಳಬಹುದು.

ಇದರ ಸೊಗಸೂ ಕಷ್ಟವೂ ಸ್ವರಗಳಲ್ಲಿದೆ. ಸ್ವರಕ್ಕೆ ಬಹುಮಟ್ಟಿಗೆ ಪ್ರತ್ಯೇಕ ಗುರುತಿಲ್ಲ. ಅದು ವ್ಯಂಜನದ ಮೈಮೇಲೇ ಕಾಣಿಸುತ್ತದೆ. ನಮ್ಮ ಕಾಗುಣಿತದಲ್ಲಿ ‘ಕ’ ಎಂಬುದು ಕಿ, ಕು ಆಗುವಾಗ ಅಕ್ಷರದ ರೂಪವೇ ಬದಲಾಗುತ್ತದಲ್ಲ, ಸ್ವಲ್ಪ ಹಾಗೆ. ಆದರೆ ಅಲ್ಲಿ ಕೊಂಬು, ಗುಡಿಸು ಏನೂ ಇಲ್ಲ. ವ್ಯಂಜನವನ್ನು ಸಾಲಿನಿಂದ ಮೇಲಕ್ಕೆ ಎತ್ತಿ ಬರೆದರೆ ‘ಇ’. ಕೆಳಕ್ಕೆ ಇಳಿಸಿದರೆ ‘ಉ’. ಗೆರೆಯನ್ನು ಒತ್ತಿ ದಪ್ಪ ಮಾಡಿದರೆ ‘ಅ’. ಅಂದರೆ ಒಂದು ಗೆರೆ ಎಷ್ಟು ದಪ್ಪ, ಸಾಲಿನಿಂದ ಎಷ್ಟು ಮೇಲೆ ಅಥವಾ ಕೆಳಗೆ ಎಂಬುದರ ಮೇಲೆ ಇಡೀ ಪದ ನಿಂತಿದೆ. ಬಾಗುವ ಮೊನೆಯ ಪೆನ್ನಿನಲ್ಲಿ, ಗೆರೆ ಹಾಕಿದ ಕಾಗದದ ಮೇಲೆ ಇದು ಸಲೀಸು. ಪೆನ್ಸಿಲ್ ಮೊಂಡಾಗಿದ್ದರೆ? ಕಾಗದಕ್ಕೆ ಗೆರೆಯೇ ಇಲ್ಲದಿದ್ದರೆ? ಆಗ ‘ಇ’ ಯಾವುದು, ‘ಉ’ ಯಾವುದು ಎಂದು ಹೇಳಲು ಪಕ್ಕದ ಪದಗಳನ್ನು ನೋಡಲೇಬೇಕು.

ಇಷ್ಟೇ ಆಗಿದ್ದರೆ ಅಭ್ಯಾಸದಿಂದ ಗೆಲ್ಲಬಹುದಿತ್ತು. ನಿಜವಾದ ತೊಡಕು ಇನ್ನೊಂದು. ಶಾಸನಸಭೆಯ ಭಾಷಣದ ವೇಗಕ್ಕೆ ಬರೆಯಲು ಗಾಬೆಲ್ಸ್‌ಬೆರ್ಗರ್ ಒಂದು ದಾರಿ ಕಂಡುಕೊಂಡಿದ್ದರು. ವಾಕ್ಯದ ಉಳಿದ ಭಾಗದಿಂದ ಊಹಿಸಬಹುದಾದ ಪದವನ್ನು ಪೂರ್ತಿ ಬರೆಯಬೇಕಿಲ್ಲ. ಕೆಲವು ಪದಗಳಿಗೆ ಕೊನೆಯ ಪ್ರತ್ಯಯ ಮಾತ್ರ ಬರೆದರೆ ಸಾಕು. ಕೆಲವಕ್ಕೆ ಒಳಗಿನ ಸ್ವರ ಮಾತ್ರ. ಕೆಲವಕ್ಕೆ ಎರಡರ ಬೆರಕೆ.

ಕನ್ನಡದಲ್ಲೇ ಮಾಡಿ ನೋಡಿ. “ಮಳೆ ಬಂದು ಕೆರೆ ತುಂ–ತು” ಎಂದು ಬರೆದರೆ ಯಾರು ಬೇಕಾದರೂ ‘ತುಂಬಿತು’ ಎಂದು ಓದುತ್ತಾರೆ. ಆದರೆ “ಮೂರು ದಿನ ಮಾತುಕತೆ ಆಯಿತು, ಕೊನೆಗೆ ಅವರು ಒಪ್–” ಎಂದಿದ್ದರೆ? ಒಪ್ಪಿದರೋ, ಒಪ್ಪಲಿಲ್ಲವೋ? ಅಕ್ಷರಪಟ್ಟಿ ಇಲ್ಲಿ ಏನೂ ಸಹಾಯ ಮಾಡದು. ಅವರು ಯಾರು, ಮಾತುಕತೆ ಯಾವುದರ ಬಗ್ಗೆ, ಮುಂದೇನಾಯಿತು ಎಂದು ತಿಳಿದವರಿಗೆ ಮಾತ್ರ ಉತ್ತರ ಗೊತ್ತು.

ಭಾಷಣ ಬರೆದುಕೊಂಡ ಸ್ಟೆನೋಗ್ರಾಫರ್ ಅದೇ ದಿನ ಕೂತು ಬಿಡಿಸಿ ಬರೆಯುತ್ತಾರೆ. ನೆನಪು ಹಸಿಯಾಗಿರುತ್ತದೆ. ಹುಸ್ಸರ್ಲ್ ತಮಗಾಗಿಯೇ ಬರೆದವರು, ದಶಕಗಳ ಕಾಲ ಬರೆದವರು. ತಮ್ಮ ಕೈಗೆ ಒಗ್ಗಿದ ಸಂಕ್ಷೇಪಗಳನ್ನೂ ಸೇರಿಸಿಕೊಂಡರು. ಅವರ ತತ್ವಶಾಸ್ತ್ರದ ಪದಗಳು ಎಷ್ಟೋ ಅವರೇ ಹೊಸ ಅರ್ಥ ಕೊಟ್ಟು ಬಳಸಿದವು. ವಾಕ್ಯಗಳು ಉದ್ದ. ಮತ್ತೆ ಓದುವಾಗ ಬಣ್ಣದ ಪೆನ್ಸಿಲ್‌ನಲ್ಲಿ ಅಡಿಗೆರೆ ಹಾಕಿ, ಅಂಚಿನಲ್ಲಿ ಗುರುತು ಮಾಡಿ, ನಡುವೆ ಸೇರಿಸುತ್ತಾ ಹೋಗುತ್ತಿದ್ದರು. ಲಿಪಿ ಬಲ್ಲ ಒಬ್ಬ ಒಳ್ಳೆಯ ಕೋರ್ಟ್ ಸ್ಟೆನೋ ಇದನ್ನು ಹಿಡಿದರೆ ಅರ್ಧದಲ್ಲೇ ನಿಲ್ಲುತ್ತಿದ್ದರು. ತತ್ವಶಾಸ್ತ್ರ ಬಲ್ಲ, ಆದರೆ ಲಿಪಿ ಬಾರದ ಪ್ರಾಧ್ಯಾಪಕರಿಗೆ ಒಂದು ಸಾಲೂ ದಾಟುತ್ತಿರಲಿಲ್ಲ.

ಓದಬಲ್ಲ ಮೂವರು

ಹುಸ್ಸರ್ಲ್‌ಗೆ ಇದು ಗೊತ್ತಿತ್ತು. ಅದಕ್ಕೇ ಸಹಾಯಕರನ್ನು ಇಟ್ಟುಕೊಂಡರು. ಮೊದಲು ಬಂದವರು ಎಡಿತ್ ಸ್ಟೈನ್. 1916ರಲ್ಲಿ ಫ್ರೈಬುರ್ಗ್‌ಗೆ ಬಂದು, ಶೀಘ್ರಲಿಪಿಯ ಟಿಪ್ಪಣಿಗಳ ರಾಶಿಯನ್ನು ಬಿಡಿಸಿ, ಜೋಡಿಸಿ, ಓದುವ ಹಾಗೆ ಮಾಡುವ ಕೆಲಸ ಹಿಡಿದರು. ಕಾಲದ ಅರಿವಿನ ಬಗ್ಗೆ ಹುಸ್ಸರ್ಲ್ ಮಾಡಿದ್ದ ಉಪನ್ಯಾಸಗಳ ಟಿಪ್ಪಣಿಗಳನ್ನು ಸಿದ್ಧ ಮಾಡಿದವರು ಅವರೇ. 1928ರಲ್ಲಿ ಆ ಪುಸ್ತಕ ಅಚ್ಚಾದಾಗ ಸಂಪಾದಕರಾಗಿ ಬಂದ ಹೆಸರು ತತ್ವಜ್ಞಾನಿ ಮಾರ್ಟಿನ್ ಹೈಡೆಗರ್ ಅವರದು. ಸ್ಟೈನ್ ಮಾತ್ರ 1918ರಲ್ಲೇ ಕೆಲಸ ಬಿಟ್ಟಿದ್ದರು. ಅವರು ಅಷ್ಟು ಕಷ್ಟಪಟ್ಟು ಬಿಡಿಸಿ ಕೊಟ್ಟದ್ದನ್ನು ಹುಸ್ಸರ್ಲ್ ತಿರುಗಿ ನೋಡುತ್ತಿರಲಿಲ್ಲ, ಅಷ್ಟರಲ್ಲಿ ಹೊಸದೇನೋ ಬರೆಯಲು ತೊಡಗಿರುತ್ತಿದ್ದರು. ಬಿಡಿಸಿ ಬರೆಯುವವರ ಶ್ರಮ ಹೀಗೆ ಮರೆಯಾಗುವುದು ನನಗೆ ಬಹಳ ನೋವಿನ ಸಂಗತಿ. ಇಂಥ ಕೆಲಸದಲ್ಲಿ ಹೆಸರು ಬರುವುದು ಯಾವಾಗಲೂ ಕೊನೆಯಲ್ಲಿ ಕೈಯಿಟ್ಟವರಿಗೆ.

ಸ್ಟೈನ್ ಮುಂದೆ ಕಾರ್ಮೆಲೈಟ್ ಸನ್ಯಾಸಿನಿಯಾದರು. ಯಹೂದಿಯಾಗಿ ಹುಟ್ಟಿದವರು ಎಂಬ ಕಾರಣಕ್ಕೆ ನಾಜಿಗಳು ಅವರನ್ನು 1942ರ ಆಗಸ್ಟ್‌ನಲ್ಲಿ ಆಷ್ವಿಟ್ಜ್‌ನಲ್ಲಿ ಕೊಂದರು. ಹುಸ್ಸರ್ಲ್ ಕೈಬರಹವನ್ನು ಒಳಗಿನಿಂದ ಬಲ್ಲ ಒಬ್ಬ ಓದುಗರು ಹೀಗೆ ಹೋದರು.

ಉಳಿದವರು ಇಬ್ಬರು. 1923ರಿಂದ ಸಹಾಯಕರಾಗಿದ್ದ ಲುಡ್ವಿಗ್ ಲಾಂಡ್‌ಗ್ರೇಬೆ. 1928ರಿಂದ ಕೊನೆಯವರೆಗೂ ಜೊತೆಗಿದ್ದ ಒಯ್ಗೆನ್ ಫಿಂಕ್. ಇಬ್ಬರೂ ಗುರುಗಳ ಜೊತೆ ದಿನವೂ ಮಾತಾಡಿದವರು. ಯಾವ ವರ್ಷ ಯಾವ ಪ್ರಶ್ನೆ ಅವರ ತಲೆಯಲ್ಲಿತ್ತು ಎಂದು ಗೊತ್ತಿದ್ದವರು. 1935ರಲ್ಲಿ ಇಬ್ಬರೂ ಕೂತು ಹಸ್ತಪ್ರತಿಗಳನ್ನು ವಿಷಯದ ಪ್ರಕಾರ ಎ, ಬಿ, ಸಿ ಎಂದು ಗುಂಪು ಮಾಡಿದರು. ಗುರುಗಳು ಬದುಕಿದ್ದಾಗಲೇ, ಅವರ ಮುಂದೆಯೇ ಆದ ವಿಂಗಡಣೆ ಅದು. ಲೂವನ್‌ನ ಸಂಗ್ರಹ ಇಂದಿಗೂ ಅದನ್ನೇ ಬಳಸುತ್ತದೆ. ಬರೆದವರು ಇರುವಾಗಲೇ ಇಂಥದ್ದು ಮಾಡಿಟ್ಟರೆ ಆಮೇಲೆ ಎಷ್ಟು ಶ್ರಮ ಉಳಿಯುತ್ತದೆ ಅಲ್ವಾ?

ಗಡಿ ದಾಟಿದ ಸೂಟ್‌ಕೇಸ್‌ಗಳು

ಹಸ್ತಪ್ರತಿಗಳನ್ನು ಪ್ರಾಗ್‌ಗೆ ಸಾಗಿಸುವ ಯೋಚನೆ ಮೊದಲು ಇತ್ತು. ಲಾಂಡ್‌ಗ್ರೇಬೆ ಆಗ ಅಲ್ಲಿದ್ದರು. ಹುಸ್ಸರ್ಲ್ ಬರಹಗಳ ಬಗ್ಗೆ ಕಾಳಜಿ ಇದ್ದ ತತ್ವಶಾಸ್ತ್ರದ ಒಂದು ಬಳಗವೂ ಅಲ್ಲಿತ್ತು. ಆದರೆ 1938ರ ಬೇಸಿಗೆಯ ಹೊತ್ತಿಗೆ ಹಿಟ್ಲರ್ ಕಣ್ಣು ಚೆಕೊಸ್ಲೊವಾಕಿಯಾದ ಮೇಲೆ ಬಿದ್ದಿತ್ತು. ಸೆಪ್ಟೆಂಬರ್ ಕೊನೆಯ ಮ್ಯೂನಿಕ್ ಒಪ್ಪಂದದೊಂದಿಗೆ ಆ ದೇಶದ ಒಂದು ಭಾಗವೇ ಹೋಯಿತು. ಪ್ರಾಗ್ ಇನ್ನು ಸುರಕ್ಷಿತ ಜಾಗವಾಗಿರಲಿಲ್ಲ.

ಮೊದಲ ಪ್ರಯತ್ನ ಮಾಡಿದವರು ಸಿಸ್ಟರ್ ಅಡೆಲ್‌ಗುಂಡಿಸ್ ಯೇಗರ್‌ಶ್ಮಿಡ್. ಫ್ರೈಬುರ್ಗ್ ಪಕ್ಕದ ಗುಂಟರ್ಸ್‌ಟಾಲ್‌ನ ಬೆನೆಡಿಕ್ಟೈನ್ ಸನ್ಯಾಸಿನಿ, ಹುಸ್ಸರ್ಲ್ ಶಿಷ್ಯೆ. ದೊಡ್ಡ ಸೂಟ್‌ಕೇಸ್‌ಗಳಲ್ಲಿ ಹಸ್ತಪ್ರತಿ ತುಂಬಿಕೊಂಡು ಸ್ವಿಟ್ಜರ್ಲೆಂಡ್ ಗಡಿಯ ಕೋನ್‌ಸ್ಟಾನ್ಸ್‌ಗೆ ಒಯ್ದರು. ಅಲ್ಲಿಂದ ಹೇಗಾದರೂ ಗಡಿ ದಾಟಿಸಬಹುದು ಎಂಬ ಆಸೆ. ಗಡಿ ದಾಟುವುದು ಅಪಾಯ ಎಂದು ಕಂಡಿತು. ಗಡಿಯಲ್ಲಿ ಯಾರಾದರೂ ಸೂಟ್‌ಕೇಸ್ ತೆಗೆದು ನೋಡಿದರೆ ಕಾಣುವುದು ಸಾವಿರಾರು ಪುಟಗಳ ವಿಚಿತ್ರ ಗೀಟು. ಅದು ತತ್ವಶಾಸ್ತ್ರ ಎಂದು ನಂಬಿಸುವುದು ಹೇಗೆ? ಗೂಢಚಾರರ ಸಂಕೇತ ಅಂದುಕೊಳ್ಳಲು ಕಾರಣ ಸಾಕಷ್ಟಿತ್ತು.

ವಾನ್ ಬ್ರೇಡಾ ಕೊನೆಗೆ ಕಂಡುಕೊಂಡ ದಾರಿ ರಾಜತಾಂತ್ರಿಕ ಚೀಲ. ರಾಯಭಾರ ಕಚೇರಿಯ ಮುದ್ರೆ ಬಿದ್ದ ಸಾಮಾನನ್ನು ಗಡಿಯಲ್ಲಿ ತೆರೆಯುವ ಹಾಗಿಲ್ಲ. ಆ ಸವಲತ್ತು ಬರ್ಲಿನ್‌ನ ಬೆಲ್ಜಿಯಂ ರಾಯಭಾರ ಕಚೇರಿಯಿಂದಲೇ ಸಿಗಬೇಕಿತ್ತು. ಅವರು ಹಸ್ತಪ್ರತಿಗಳನ್ನು ರೈಲಿನಲ್ಲಿ ಬರ್ಲಿನ್‌ಗೆ ಒಯ್ದರು. ಸೆಪ್ಟೆಂಬರ್ 24ರಂದು ಅವು ರಾಯಭಾರ ಕಚೇರಿಯ ತಿಜೋರಿ ಸೇರಿದವು. ಬೆಲ್ಜಿಯಂ ಪ್ರಜೆಯೊಬ್ಬರ ಆಸ್ತಿ ಎಂದು ತೋರಿಸಲು ಕಾಗದದ ಮೇಲೆ ಒಡೆತನವನ್ನು ವಾನ್ ಬ್ರೇಡಾ ಹೆಸರಿಗೆ ಮಾಡಿಕೊಂಡಿದ್ದರು. ನವೆಂಬರ್ ಕೊನೆಯ ಹೊತ್ತಿಗೆ ಎಲ್ಲವೂ ಲೂವನ್ ತಲುಪಿದ್ದವು.

ಈ ಭಾಗವೇ ಜನರಿಗೆ ಹೆಚ್ಚು ಇಷ್ಟ. ಸಾಹಸ ಇದೆ, ಧೈರ್ಯ ಇದೆ. ನಾನು ಅದನ್ನು ಒಂದಿಷ್ಟೂ ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ದೊಡ್ಡ ತೀರ್ಮಾನ ಬೇರೆ ಕಡೆ ಆಯಿತು. ಹಸ್ತಪ್ರತಿ ಇನ್ನೂ ಬರ್ಲಿನ್‌ನಲ್ಲಿರುವಾಗಲೇ, ಅಕ್ಟೋಬರ್ 27ರಂದು, ಬೆಲ್ಜಿಯಂನ ಫ್ರಾಂಕಿ ಪ್ರತಿಷ್ಠಾನ ಈ ಕೆಲಸಕ್ಕೆ ಹಣ ಕೊಡಲು ಒಪ್ಪಿತು. ಆ ಹಣ ಕಪಾಟು, ಕೋಣೆಗಳಿಗೆ ಮಾತ್ರವಲ್ಲ. ಲಾಂಡ್‌ಗ್ರೇಬೆ ಮತ್ತು ಫಿಂಕ್ ಇಬ್ಬರನ್ನೂ ಲೂವನ್‌ಗೆ ಕರೆಸಿ, ಸಂಬಳ ಕೊಟ್ಟು, ಬಿಡಿಸಿ ಬರೆಸುವುದಕ್ಕೆ. ಓದುವವರಿಲ್ಲದೆ ಈ 40,000 ಪುಟ ಸುಮ್ನೆ ಕಾಗದದ ರಾಶಿ ಎಂದು ವಾನ್ ಬ್ರೇಡಾಗೆ ಮೊದಲಿನಿಂದಲೇ ಅರಿವಿತ್ತು.

ಬಚ್ಚಿಟ್ಟುಕೊಂಡು ಓದಿದವರು

1939ರ ವಸಂತದಲ್ಲಿ ಫಿಂಕ್ ಫ್ರೈಬುರ್ಗ್‌ನಿಂದ, ಲಾಂಡ್‌ಗ್ರೇಬೆ ಪ್ರಾಗ್‌ನಿಂದ ಬಂದರು. ಲಾಂಡ್‌ಗ್ರೇಬೆ ಅವರ ಹೆಂಡತಿ ಯಹೂದಿ ಮೂಲದವರು. ಆ ಹೊತ್ತಿಗೆ ಪ್ರಾಗ್ ಜರ್ಮನ್ ಸೈನ್ಯದ ಕೈಯಲ್ಲಿತ್ತು. ಅವರು ಸಿದ್ಧಪಡಿಸಿದ್ದ ಹುಸ್ಸರ್ಲ್ ಪುಸ್ತಕ ಪ್ರಾಗ್‌ನಲ್ಲಿ ಅಚ್ಚಾಗಿತ್ತು, ಆದರೆ ಪ್ರತಿಗಳು ಓದುಗರನ್ನು ತಲುಪುವ ಮುಂಚೆಯೇ ಹೆಚ್ಚಿನವು ನಾಶವಾದವು. ಆ ಏಪ್ರಿಲ್‌ನಲ್ಲೇ ಪ್ಯಾರಿಸ್‌ನಿಂದ ತತ್ವಜ್ಞಾನಿ ಮೊರಿಸ್ ಮೆರ್ಲೋ-ಪೋಂಟಿ ಲೂವನ್‌ಗೆ ಬಂದು ಬಿಡಿಸಿದ ಪ್ರತಿಗಳನ್ನು ಓದಿದರು. ಹೊರಗಿನಿಂದ ಬಂದು ಈ ಸಂಗ್ರಹವನ್ನು ಬಳಸಿದ ಮೊದಲಿಗರು ಅವರು. ಶೀಘ್ರಲಿಪಿ ಅವರಿಗೆ ಬೇಕಾಗಲಿಲ್ಲ, ಬಿಡಿಸಿದ ಪುಟ ಸಾಕಾಯಿತು.

ಜೂನ್‌ನಲ್ಲಿ ಮಾಲ್ವಿನೆ ಕೂಡ ಬೆಲ್ಜಿಯಂಗೆ ಬಂದರು. ಅಮೆರಿಕದಲ್ಲಿದ್ದ ಮಕ್ಕಳ ಬಳಿ ಹೋಗುವ ಆಸೆ ಇತ್ತು. ಯುದ್ಧ ಶುರುವಾಗಿ ಅದು ಆಗಲಿಲ್ಲ.

1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿತು. ಲೂವನ್ ವಿಶ್ವವಿದ್ಯಾಲಯದ ಗ್ರಂಥಾಲಯ 1914ರಲ್ಲಿ ಒಮ್ಮೆ ಸುಟ್ಟು ಹೋಗಿ, ಮತ್ತೆ ಕಟ್ಟಿದ್ದರು. ಆ ಮೇ ತಿಂಗಳಲ್ಲಿ ಅದು ಎರಡನೇ ಸಲ ಸುಟ್ಟಿತು. ಹುಸ್ಸರ್ಲ್ ಹಸ್ತಪ್ರತಿಗಳು ಉಳಿದವು. ಓದುಗರು ಮಾತ್ರ ಹೋದರು. ಫಿಂಕ್, ಲಾಂಡ್‌ಗ್ರೇಬೆ ಇಬ್ಬರೂ ಜರ್ಮನಿಯ ಕಡೆಯವರು ಎಂದು ಬೆಲ್ಜಿಯಂ ಅಧಿಕಾರಿಗಳು ಅವರನ್ನು ಬಂಧಿಸಿ ಫ್ರಾನ್ಸ್‌ಗೆ ಸಾಗಿಸಿದರು. ಅಲ್ಲಿಂದ ಬಿಡುಗಡೆಯಾದ ಮೇಲೆ ಜರ್ಮನಿಗೆ ಮರಳಬೇಕಾಯಿತು. ಒಂದೂವರೆ ವರ್ಷದೊಳಗೆ ಕಟ್ಟಿದ ವ್ಯವಸ್ಥೆ ಕುಸಿದುಬಿತ್ತು. ಕಾಗದ ಲೂವನ್‌ನಲ್ಲಿ, ಓದಬಲ್ಲವರು ಗಡಿಯಾಚೆ.

ಆಮೇಲೆ ಬಂದವರು ಸ್ಟೆಫಾನ್ ಸ್ಟ್ರಾಸರ್. ವಿಯೆನ್ನಾದವರು, ಯಹೂದಿ ಮೂಲದವರು, ಆಸ್ಟ್ರಿಯಾವನ್ನು ಹಿಟ್ಲರ್ ನುಂಗಿದ ಮೇಲೆ ಬೆಲ್ಜಿಯಂಗೆ ಓಡಿ ಬಂದವರು. ಸಿಕ್ಕಿಬಿದ್ದರೆ ಸಾವು. 1942ರಿಂದ ಬೆಲ್ಜಿಯಂ ಬಿಡುಗಡೆಯಾಗುವವರೆಗೆ ಕುಟುಂಬದ ಜೊತೆ ಅಡಗಿಕೊಂಡೇ ಹುಸ್ಸರ್ಲ್ ಪುಟಗಳನ್ನು ಬಿಡಿಸಿದರು. ಹೆಂಡತಿಯೂ ಕೈಜೋಡಿಸಿದರು. ವಾನ್ ಬ್ರೇಡಾ ಅವರಿಗೆ ಆಶ್ರಯ, ಊಟ, ಕೆಲಸ ಮೂರನ್ನೂ ಒದಗಿಸಿದರು. ಇದೇ ವರ್ಷಗಳಲ್ಲಿ ಮಾಲ್ವಿನೆ ಲೂವನ್ ಹತ್ತಿರದ ಹೇರೆಂಟ್‌ನ ಕಾನ್ವೆಂಟ್ ಒಂದರಲ್ಲಿ ತಲೆಮರೆಸಿಕೊಂಡಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಫಿಂಕ್, ಲಾಂಡ್‌ಗ್ರೇಬೆಗೆ ಗುರುಗಳ ಮಾತಿನ ಧಾಟಿ ಕಿವಿಯಲ್ಲೇ ಇತ್ತು. ಅರ್ಧ ಬರೆದ ಪದ ನೋಡಿದರೆ ಪೂರ್ತಿ ಪದ ಕೇಳಿಸುತ್ತಿತ್ತು. ಸ್ಟ್ರಾಸರ್‌ಗೆ ಆ ಸೌಕರ್ಯ ಇರಲಿಲ್ಲ. ಅವರ ಬಳಿ ಇದ್ದದ್ದು ಹಿಂದಿನವರು ಬಿಡಿಸಿಟ್ಟ ಸಾವಿರಾರು ಪುಟಗಳು. ಮೂಲ ಪುಟವನ್ನೂ ಬಿಡಿಸಿದ ಪುಟವನ್ನೂ ಪಕ್ಕಪಕ್ಕ ಇಟ್ಟರೆ ಈ ಕೈ ಯಾವ ಪದವನ್ನು ಹೇಗೆ ಮೊಟಕು ಮಾಡುತ್ತದೆ ಎಂದು ಕಲಿಯಬಹುದು. ಒಬ್ಬ ಮನುಷ್ಯನನ್ನು ನೇರವಾಗಿ ಕಂಡವರಿಂದ ಅವನನ್ನು ಕಾಣದವರಿಗೆ ಅವನ ಬರಹ ಓದುವ ಕಲೆ ದಾಟಿದ್ದು ಇಲ್ಲಿಯೇ. ಸ್ಟೈನ್, ಲಾಂಡ್‌ಗ್ರೇಬೆ, ಫಿಂಕ್ ಬಿಟ್ಟು ಹೋದ 10,000 ಪುಟಗಳು ಇರದಿದ್ದರೆ ಉಳಿದ ಪುಟಗಳ ಗತಿ ಏನಾಗುತ್ತಿತ್ತೋ.

ಯುದ್ಧದ ನಡುವೆಯೇ ಬಿಡಿಸಿದ ಪ್ರತಿಗಳ ಒಂದು ಭಾಗ ಪ್ಯಾರಿಸ್‌ಗೂ ಹೋಯಿತು. 1944ರಲ್ಲಿ ಅದನ್ನು ಅಲ್ಲಿ ಓದಲು ಅನುಕೂಲ ಮಾಡಿದವರಲ್ಲಿ ಮೆರ್ಲೋ-ಪೋಂಟಿ ಜೊತೆ ವಿಯೆಟ್ನಾಂನ ತತ್ವಜ್ಞಾನಿ ತ್ರಾನ್ ದುಕ್ ಥಾವೊ ಕೂಡ ಇದ್ದರು.

ಎಲ್ಲವೂ ಉಳಿಯಲಿಲ್ಲ. ಹುಸ್ಸರ್ಲ್ ಮನೆಯ ಸಾಮಾನು ತುಂಬಿದ ದೊಡ್ಡ ಪೆಟ್ಟಿಗೆ ಅಮೆರಿಕಕ್ಕೆ ಸಾಗಲೆಂದು ಆಂಟ್ವರ್ಪ್ ಬಂದರಿನಲ್ಲಿತ್ತು. 1940ರಲ್ಲಿ ಬಾಂಬ್ ದಾಳಿಯಲ್ಲಿ ಅದು ಸುಟ್ಟಿತು. ಅದರೊಳಗೆ ಬೇರೆಯವರು ಹುಸ್ಸರ್ಲ್‌ಗೆ ಬರೆದ ಪತ್ರಗಳಿದ್ದವು. 1994ರಲ್ಲಿ ಹುಸ್ಸರ್ಲ್ ಪತ್ರವ್ಯವಹಾರ 10 ಸಂಪುಟಗಳಲ್ಲಿ ಬಂದಾಗ, ಸಂಪಾದಕರು ಅದನ್ನು ಬೇರೆ ಬೇರೆ ಕಡೆಗಳಿಂದ ಹೆಕ್ಕಿ ಕೂಡಿಸಬೇಕಾಯಿತು. ಹಸ್ತಪ್ರತಿಗೆ ಸಿಕ್ಕ ಎಚ್ಚರಿಕೆ ಪತ್ರಗಳಿಗೆ ಸಿಗಲಿಲ್ಲ. ಮನೆಗಳಲ್ಲೂ ಹೀಗೇ ಆಗುತ್ತದೆ. ಪತ್ರ ಅಂದರೆ ಸಾಮಾನಿನ ಜೊತೆ ಹೋಗುವ ವಸ್ತು ಎಂದು ಎಲ್ಲರೂ ತಿಳಿಯುತ್ತಾರೆ.

ಮನೆಯ ಪತ್ರಗಳಿಗೆ ಈ ಪ್ರಕರಣ ಹೇಳುವುದು

ಎರಡನೇ ಮಹಾಯುದ್ಧದ ಸೈನಿಕರ ಪತ್ರಗಳಲ್ಲಿ ಶೀಘ್ರಲಿಪಿ ಸಿಗುವುದು ಅಪರೂಪವೇನಲ್ಲ. ಗುಮಾಸ್ತರು, ವ್ಯಾಪಾರಿ ಕಚೇರಿಯವರು, ವಿದ್ಯಾರ್ಥಿಗಳು ಅದನ್ನು ಕಲಿತಿದ್ದರು. ಕಾಗದ ಕಡಿಮೆ ಇದ್ದಾಗ, ಮಾತು ಖಾಸಗಿಯಾಗಿದ್ದಾಗ ಅದು ಕೈಗೆ ಬರುತ್ತಿತ್ತು. ಹುಸ್ಸರ್ಲ್ ಪ್ರಕರಣದಿಂದ ಇವಕ್ಕೆ ನೇರವಾಗಿ ಹಚ್ಚಬಹುದಾದ್ದು ಬಹಳ ಇದೆ.

ಮೊದಲು ಅದು ಶೀಘ್ರಲಿಪಿಯೇ ಎಂದು ಖಚಿತ ಮಾಡಿಕೊಳ್ಳಬೇಕು. ಹಳೆಯ ಜರ್ಮನ್ ಕೈಬರಹವಾದ ಕುರೆಂಟ್, ಮತ್ತು 1915ರಿಂದ ಪ್ರಶ್ಯಾದ ಶಾಲೆಗಳಲ್ಲಿ ಕಲಿಸಿದ ಸೂಟರ್ಲಿನ್ ಇಂದಿನ ಜರ್ಮನ್ನರಿಗೂ ಓದಲು ಬರುವುದಿಲ್ಲ. 1941ರಲ್ಲಿ ನಾಜಿ ಸರ್ಕಾರವೇ ಅವನ್ನು ನಿಲ್ಲಿಸಿತು. ಮೊನಚು ಮೊನಚಾದ ಆ ಅಕ್ಷರಗಳನ್ನು ನೋಡಿ ಶಾರ್ಟ್‌ಹ್ಯಾಂಡ್ ಎಂದುಕೊಳ್ಳುವವರು ತುಂಬಾ ಮಂದಿ. ಆಮೇಲೆ ಬರೆದವರ ವಯಸ್ಸು ಮತ್ತು ಊರು. 1924ಕ್ಕಿಂತ ಮುಂಚೆ ಬವೇರಿಯಾದಲ್ಲೋ ಆಸ್ಟ್ರಿಯಾದಲ್ಲೋ ಕಲಿತವರಾದರೆ ಗಾಬೆಲ್ಸ್‌ಬೆರ್ಗರ್ ಇರುವ ಸಾಧ್ಯತೆ ಜಾಸ್ತಿ. ಉತ್ತರ ಜರ್ಮನಿಯವರಾದರೆ ಸ್ಟೋಲ್ಜೆಯ ವಂಶದ ಪದ್ಧತಿ ಇರಬಹುದು. ಆಮೇಲೆ ಕಲಿತ ಯುವಕರಾದರೆ 1924ರ ಹೊಸ ಲಿಪಿ. ಕಲಿತ ಪದ್ಧತಿಯನ್ನು ಜನ ಸುಲಭವಾಗಿ ಬಿಡುವುದಿಲ್ಲ. ಹುಸ್ಸರ್ಲ್ ಕೊನೆಯವರೆಗೂ ಹಳೆಯದರಲ್ಲೇ ಬರೆದರು.

ಪತ್ರವನ್ನು ಕಪ್ಪು-ಬಿಳುಪು ಜೆರಾಕ್ಸ್ ಮಾಡಿ ಕಳಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಜೆರಾಕ್ಸ್‌ನಲ್ಲಿ ದಪ್ಪ ಗೆರೆ, ತೆಳು ಗೆರೆ ಒಂದೇ ಆಗುತ್ತದೆ. ಆ ದಪ್ಪದಲ್ಲೇ ಸ್ವರ ಇರುವುದು. ಕಾಗದದ ಅಚ್ಚಾದ ಗೆರೆಯೂ ಮಾಯವಾದರೆ ಮೇಲೆ-ಕೆಳಗೆ ಎಂಬುದೂ ತಿಳಿಯದು. ಬಣ್ಣದಲ್ಲಿ, ದೊಡ್ಡದಾಗಿ, ಇಡೀ ಪುಟವನ್ನು ಸ್ಕ್ಯಾನ್ ಮಾಡಬೇಕು. ಒಂದೇ ಒಂದು ಸಾಲನ್ನು ಕತ್ತರಿಸಿ ಕಳಿಸಿ “ಇದೇನು ಹೇಳಿ” ಎಂದರೆ ಎಷ್ಟು ದೊಡ್ಡ ಪರಿಣತರಿಗೂ ಕಷ್ಟ. ಮೊಟಕು ಮಾಡಿದ ಪದಗಳ ಅರ್ಥ ಪಕ್ಕದ ಸಾಲುಗಳಲ್ಲಿದೆ.

ಎಲ್ಲಕ್ಕಿಂತ ಮುಖ್ಯವಾದ್ದು, ಓದುವವರಿಗೆ ಲಿಪಿಯ ಜೊತೆಗೆ ಮನುಷ್ಯನನ್ನೂ ಪರಿಚಯ ಮಾಡಿಕೊಡುವುದು. ಮನೆಯವರ ಹೆಸರು, ಅಡ್ಡಹೆಸರು, ಊರು, ಕಸುಬು, ಆ ವರ್ಷ ಮನೆಯಲ್ಲಿ ಹುಟ್ಟಿದವರು, ಸತ್ತವರು. ಸೈನಿಕರು ತಾವಿರುವ ಜಾಗದ ಹೆಸರು ಬರೆಯುವಂತಿರಲಿಲ್ಲ, ಆದರೆ ಲಕೋಟೆಯ ಮೇಲಿನ ಯುದ್ಧ ಅಂಚೆಯ ಸಂಖ್ಯೆಯಿಂದ ಅವರ ಪಡೆ ಯಾವುದು ಎಂದು ಪತ್ತೆ ಮಾಡಬಹುದು. ಪಡೆ ತಿಳಿದರೆ ಜಾಗ, ಜಾಗ ತಿಳಿದರೆ ಪತ್ರದಲ್ಲಿ ಬರುವ ನದಿ, ಊರುಗಳ ಹೆಸರನ್ನು ಊಹಿಸಬಹುದು. ಅದೇ ಮನುಷ್ಯ ಮಾಮೂಲಿ ಅಕ್ಷರದಲ್ಲಿ ಬರೆದ ಪತ್ರಗಳಿದ್ದರೆ ಅವನ್ನೂ ಕೊಡಬೇಕು. ಅವನ ವಾಕ್ಯದ ಧಾಟಿ, ಮತ್ತೆ ಮತ್ತೆ ಬಳಸುವ ಪದಗಳು ಅಲ್ಲಿ ಕಾಣುತ್ತವೆ. ಪತ್ರದ ಮೊದಲ ಸಾಲು, ಕೊನೆಯ ಸಾಲು ಹೆಚ್ಚುಕಡಿಮೆ ಎಲ್ಲ ಪತ್ರದಲ್ಲೂ ಒಂದೇ. ಅಲ್ಲಿಂದ ಶುರುಮಾಡಿದರೆ ಆ ಕೈಯ ಅಭ್ಯಾಸ ಹತ್ತುತ್ತದೆ.

ಬರೆದವರನ್ನು ಕಾಣದವರೂ ಓದಬಲ್ಲರು ಎಂಬುದಕ್ಕೆ ಇನ್ನೊಂದು ಒಳ್ಳೆಯ ಉದಾಹರಣೆ ಇದೆ. ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ 1978ರಲ್ಲಿ ತೀರಿಕೊಂಡಾಗ ಅವರ ಟಿಪ್ಪಣಿಗಳೂ ಗಾಬೆಲ್ಸ್‌ಬೆರ್ಗರ್‌ನಲ್ಲೇ ಇದ್ದವು. ಶೆರಿಲ್ ಡಾಸನ್ ಎಂಬ ಅಮೆರಿಕದ ಮಹಿಳೆ 1980ರ ದಶಕದಲ್ಲಿ ಆ ಲಿಪಿಯನ್ನು ಕಲಿತು ಅವನ್ನು ಬಿಡಿಸಿದರು. ಕಾಲ ಹಿಡಿಯುವ ಕೆಲಸ, ಆದರೆ ಆಗುವ ಕೆಲಸ.

ಕೆಲಸ ಇನ್ನೂ ನಡೆಯುತ್ತಿರುವ ರೀತಿ

ಯುದ್ಧ ಮುಗಿದ ಮೇಲೆ 1946ರಲ್ಲಿ ಮಾಲ್ವಿನೆ ಅಮೆರಿಕಕ್ಕೆ ಹೋದರು. ಲೂವನ್‌ನಲ್ಲಿ ವಾಲ್ಟರ್ ಮತ್ತು ಮಾರ್ಲಿ ಬೀಮೆಲ್ ದಂಪತಿ ಬಿಡಿಸುವ ಕೆಲಸಕ್ಕೆ ಸೇರಿದರು. 1950ರಲ್ಲಿ ಹುಸ್ಸರ್ಲ್ ಬರಹಗಳ ‘ಹುಸ್ಸರ್ಲಿಯಾನಾ’ ಗ್ರಂಥಮಾಲೆಯ ಮೊದಲ ಸಂಪುಟ ಬಂತು. ಸಂಪಾದಕರು ಸ್ಟ್ರಾಸರ್. ಈ ಸಲ ಬಿಡಿಸಿದವರ ಹೆಸರೇ ಮುಖಪುಟದ ಒಳಗೆ ಬಂತು ಎಂಬುದು ನನಗೆ ಬಹಳ ಸಂತೋಷ ಕೊಡುತ್ತದೆ. ಫ್ರೈಬುರ್ಗ್ ಮತ್ತು ಕೊಲೋನ್‌ನಲ್ಲೂ ಹುಸ್ಸರ್ಲ್ ಸಂಗ್ರಹಗಳು ಶುರುವಾದವು. ಫ್ರೈಬುರ್ಗ್‌ನದನ್ನು ಫಿಂಕ್, ಕೊಲೋನ್‌ನದನ್ನು ಲಾಂಡ್‌ಗ್ರೇಬೆ ನಡೆಸಿದರು. ವಾನ್ ಬ್ರೇಡಾ 1974ರಲ್ಲಿ ತೀರಿಕೊಂಡರು. ಗ್ರಂಥಮಾಲೆ ಈಗ 40 ಸಂಪುಟ ದಾಟಿದೆ.

ಈ ಸಂಪುಟಗಳ ಕೊನೆಯಲ್ಲಿ ಒಂದು ಉದ್ದನೆಯ ಅನುಬಂಧ ಇರುತ್ತದೆ. ಸಾಮಾನ್ಯ ಓದುಗರು ಅದನ್ನು ತಿರುವಿ ನೋಡುವುದೂ ಕಡಿಮೆ. ಅಚ್ಚಿನ ಯಾವ ಭಾಗ ಯಾವ ಗುಂಪಿನ ಯಾವ ಹಾಳೆಯಿಂದ ಬಂದದ್ದು, ಹುಸ್ಸರ್ಲ್ ಎಲ್ಲಿ ತಿದ್ದಿದರು, ಎಲ್ಲಿ ಆಮೇಲೆ ಸೇರಿಸಿದರು ಎಂಬುದೆಲ್ಲ ಅಲ್ಲಿದೆ. ಯಾರಿಗಾದರೂ ಒಂದು ಪದದ ಮೇಲೆ ಅನುಮಾನ ಬಂದರೆ ಆ ಹಾಳೆಯನ್ನೇ ತೆಗೆಸಿ ಗೆರೆ ಎಷ್ಟು ದಪ್ಪ ಇದೆ ಎಂದು ನೋಡಬಹುದು. ಮನೆಯ ಪತ್ರವೊಂದನ್ನು ಬಿಡಿಸಿಕೊಟ್ಟವರೂ ಖಚಿತವಾಗಿ ಓದಿದ ಪದ ಯಾವುದು, ಊಹಿಸಿದ ಪದ ಯಾವುದು ಎಂದು ಬೇರೆ ಬೇರೆ ಗುರುತು ಹಾಕಿ ಕೊಡಬೇಕು. ಕೇಳುವವರೂ ಅದನ್ನು ಕೇಳಿ ಪಡೆಯಬೇಕು.